ಟಿವಿ ಗೈಡ್ ನಿಂತಾಗ ನಾನು ಮಾಡಿಕೊಂಡ ಬದಲಿ ವ್ಯವಸ್ಥೆ

ಶಿಕಾಗೋದ ಪಶ್ಚಿಮಕ್ಕೆ ನೇಪರ್‌ವಿಲ್‌ನಲ್ಲಿ ನಮ್ಮ ಮನೆ. ಕೇಬಲ್ ತೆಗೆಸಿ ಬಹಳ ವರ್ಷವಾಯಿತು. ಅಟ್ಟದಲ್ಲಿ ಒಂದು ಆಂಟೆನಾ ಇದೆ, ಡೌನ್‌ಟೌನ್‌ನ ವಿಲ್ಲಿಸ್ ಟವರ್ ಕಡೆಗೆ ತಿರುಗಿಸಿ ಕಟ್ಟಿದ್ದೇನೆ. ಅಲ್ಲಿಂದ ಇಳಿದ ವೈರು ಎಚ್‌ಡಿಹೋಮ್‌ರನ್ ಅನ್ನುವ ಪುಟ್ಟ ಟ್ಯೂನರ್ ಡಬ್ಬಿಗೆ ಹೋಗುತ್ತದೆ, ಆ ಡಬ್ಬಿಯಿಂದ ಮನೆಯ ನೆಟ್‌ವರ್ಕಿಗೆ. ಬೇಸ್‌ಮೆಂಟಿನಲ್ಲಿ ವಿಂಡೋಸ್ 7 ಇದ್ದ ಒಂದು ಹಳೆಯ ಕಂಪ್ಯೂಟರ್. ಅದರೊಳಗಿನ ಮೀಡಿಯಾ ಸೆಂಟರ್ ಅನ್ನುವ ಪ್ರೋಗ್ರಾಮೇ ಆಗ ನಮ್ಮ ರೆಕಾರ್ಡರ್. ಮಾಸಿಕ ಬಿಲ್ ಅನ್ನುವ ಮಾತೇ ಇಲ್ಲ. ಎಚ್‌ಡಿ ಚಾನೆಲ್ ಒಂದು ಗಂಟೆ ರೆಕಾರ್ಡ್ ಮಾಡಿದರೆ 6-7 ಜಿಬಿ ತಿನ್ನುತ್ತದೆ, ಅದಕ್ಕೊಂದು ದೊಡ್ಡ ಡಿಸ್ಕ್ ಹಾಕಿದ್ದರೆ ಸಾಕು.

2019ರ ಕೊನೆಗೆ ಸುದ್ದಿ ಬಂತು: 2020ರ ಜನವರಿಯಿಂದ ಮೀಡಿಯಾ ಸೆಂಟರಿಗೆ ಗೈಡ್ (ಯಾವ ಚಾನೆಲ್‌ನಲ್ಲಿ ಯಾವಾಗ ಏನು ಬರುತ್ತದೆ ಅನ್ನುವ ಪಟ್ಟಿ) ಸೇವೆ ಇರುವುದಿಲ್ಲ, ಬೇಕಿದ್ದವರು ಕಾರ್ಯಕ್ರಮಗಳ ಪಟ್ಟಿಯನ್ನು ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ವಿಂಡೋಸ್ 7ರ ಬೆಂಬಲವೂ ಅದೇ ಜನವರಿ 14ಕ್ಕೆ ಮುಗಿಯುವುದಿತ್ತು.

ಗೈಡ್ ಇಲ್ಲದಿದ್ದರೆ ಏನಾಯಿತು ಅಂತ ನಿಮಗನಿಸಬಹುದು. ಗೈಡ್ ಇಲ್ಲದ ರೆಕಾರ್ಡರ್ ಬರೀ ಗಡಿಯಾರ. ನನ್ನ ಮಗಳಿಗೆ ಆಗ ಎಂಟು ವರ್ಷ, ಪ್ರಾಣಿಗಳೆಂದರೆ ಪ್ರಾಣ. ಪಿಬಿಎಸ್ ಅನ್ನುವ ಸಾರ್ವಜನಿಕ ಚಾನೆಲ್‌ನಲ್ಲಿ ಬುಧವಾರ ಸಂಜೆ 7ಕ್ಕೆ ನೇಚರ್ ಅನ್ನುವ ಪ್ರಾಣಿಗಳ ಕಾರ್ಯಕ್ರಮ ಬರುತ್ತದೆ, ಅದೇ ಹೊತ್ತಿಗೆ ಅವಳಿಗೆ ಈಜು ಕ್ಲಾಸ್. ಬುಧವಾರ 7ರಿಂದ 8 ಅಂತ ಕೈಯಾರೆ ಹಾಕಿಡಬಹುದು, ನಿಜ. ಆದರೆ ನೋಡುಗರಿಂದ ಚಂದಾ ಎತ್ತುವ ಅಭಿಯಾನದ ವಾರ ಬಂದರೆ ಆ ಜಾಗದಲ್ಲಿ ಬೇರೆ ಏನೋ ಇರುತ್ತದೆ. ಯಾವುದು ಹೊಸ ಕಂತು, ಯಾವುದು ಮರುಪ್ರಸಾರ, ನಾಡಿದ್ದು ಅದೇ ಕಂತು ಆ ಸ್ಟೇಷನ್ನಿನದೇ ಇನ್ನೊಂದು ಉಪಚಾನೆಲ್‌ನಲ್ಲಿ ಮತ್ತೆ ಬರುತ್ತದೋ ಇಲ್ಲವೋ, ಇದೆಲ್ಲ ಗೊತ್ತಾಗುವುದು ಗೈಡಿನಿಂದ ಮಾತ್ರ.

ಪಟ್ಟಿ ಎಲ್ಲಿಂದ ತರುವುದು? ಇಲ್ಲಿ ಚಾನೆಲ್‌ಗಳು ತಮ್ಮ ಸಿಗ್ನಲ್ ಜೊತೆಗೇ ಒಂದಷ್ಟು ಗೈಡ್ ಕಳಿಸುತ್ತವೆ. ಆದರೆ ಕಡ್ಡಾಯವಿರುವುದು ಮುಂದಿನ 12 ಗಂಟೆಯದ್ದು ಮಾತ್ರ, ಅದನ್ನು ನಂಬಿ ಮುಂದಿನ ವಾರದ ರೆಕಾರ್ಡಿಂಗ್ ಹಾಕೋಕ್ಕಾಗಲ್ಲ. ಎರಡನೆಯ ದಾರಿ, ಯಾವುದಾದರೂ ವೆಬ್‌ಸೈಟಿನ ಪುಟದಿಂದ ಪಟ್ಟಿಯನ್ನು ಕಿತ್ತು ತರುವ ಪ್ರೋಗ್ರಾಮ್‌ಗಳು. ಒಂದು ವಾರ ಅದನ್ನೂ ಮಾಡಿ ನೋಡಿದೆ. ಬಂತು ಅಂದುಕೊಳ್ಳುವಷ್ಟರಲ್ಲಿ ಆ ಸೈಟಿನವರು ಪುಟದ ವಿನ್ಯಾಸ ಬದಲಾಯಿಸಿದರು, ನನ್ನ ಗೈಡ್ ಖಾಲಿ. ಅಂಥದ್ದರ ಮೇಲೆ ಮನೆಯವರ ಭರವಸೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ.

ಮೂರನೆಯದು ಶೆಡ್ಯೂಲ್ಸ್ ಡೈರೆಕ್ಟ್. ಇದರ ಹಿನ್ನೆಲೆ ಹೇಳಲೇಬೇಕು, ಯಾಕೆಂದರೆ ದುಡ್ಡು ಕೊಡಲು ನನ್ನ ಮನಸ್ಸು ಒಪ್ಪಿದ್ದೇ ಅದರಿಂದ. ಮೊದಲು ಝ್ಯಾಪ್2ಇಟ್ ಲ್ಯಾಬ್ಸ್ ಅಂತ ಒಂದು ಕಡೆ ಈ ಪಟ್ಟಿ ಪುಕ್ಕಟೆ ಸಿಗುತ್ತಿತ್ತು. 2007ರ ಸೆಪ್ಟೆಂಬರ್ 1ಕ್ಕೆ ಅದು ನಿಂತಿತು. ಆಗ ಮಿತ್‌ಟಿವಿ, ಎಕ್ಸ್‌ಎಂಎಲ್‌ಟಿವಿ ಥರದ ಮುಕ್ತ ತಂತ್ರಾಂಶ ಬರೆಯುತ್ತಿದ್ದವರೇ ಸೇರಿ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಕಟ್ಟಿಕೊಂಡರು. ಪಟ್ಟಿಯನ್ನು ದುಡ್ಡು ಕೊಟ್ಟು ತರುತ್ತಾರೆ, ಸದಸ್ಯರು ಆ ಖರ್ಚನ್ನು ಹಂಚಿಕೊಳ್ಳುತ್ತಾರೆ. ನಾನು ಸೇರಿದಾಗ ವರ್ಷಕ್ಕೆ 25 ಡಾಲರ್ ಇತ್ತು, ಆಮೇಲೆ 35 ಆಯಿತು. ಮೊದಲ 7 ದಿನ ಉಚಿತವಾಗಿ ನೋಡಬಹುದು. ಎರಡು ವಾರದ ಗೈಡ್ ಸಿಗುತ್ತದೆ, ಒಂದು ಖಾತೆಗೆ ನಾಲ್ಕು ಲೈನಪ್ (ಒಂದು ಕೇಬಲ್ ಕಂಪನಿಯ ಅಥವಾ ಒಂದು ಊರಿನ ಆಂಟೆನಾದ ಚಾನೆಲ್‌ಗಳ ಪಟ್ಟಿ) ಹಾಕಿಕೊಳ್ಳಬಹುದು. ಬಳಸುವವರೇ ನಡೆಸುವ ವ್ಯವಸ್ಥೆ ನಾಳೆ ಯಾರದೋ ತೀರ್ಮಾನಕ್ಕೆ ಸುಮ್ನೆ ಮುಚ್ಚಿಹೋಗುವ ಭಯ ಕಡಿಮೆ ಅಲ್ವಾ?

ಅಲ್ಲಿಂದ ಬರುವ ಮಾಹಿತಿ ನೇರವಾಗಿ ಮೀಡಿಯಾ ಸೆಂಟರಿಗೆ ಅರ್ಥವಾಗುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಅದೇ ಇಪಿಜಿ123 ಅನ್ನುವ ಉಚಿತ ಪ್ರೋಗ್ರಾಮ್. ಅದು ಪಟ್ಟಿಯನ್ನು ಇಳಿಸಿಕೊಂಡು ಎಂಎಕ್ಸ್‌ಎಫ್ ಅನ್ನುವ ಕಡತ ಮಾಡುತ್ತದೆ, ಅದರ ಜೊತೆಗೇ ಬರುವ ಕ್ಲೈಂಟ್ ಆ ಕಡತವನ್ನು ಮೀಡಿಯಾ ಸೆಂಟರಿನೊಳಗೆ ತುಂಬುತ್ತದೆ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬೇಸ್‌ಮೆಂಟಿಗೆ ಇಳಿದೆ. ಮೊದಲು ಹಳೆಯ ರೆಕಾರ್ಡಿಂಗ್ ವಿನಂತಿಗಳ ಬ್ಯಾಕಪ್ ತೆಗೆದುಕೊಂಡೆ, ಕ್ಲೈಂಟಿನಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಇದನ್ನು ಮರೆಯಬೇಡಿ. ಯಾಕೆಂದರೆ ಮುಂದಿನ ಹೆಜ್ಜೆಯಲ್ಲಿ ಹಳೆಯ ಗೈಡಿನ ಡೇಟಾಬೇಸ್ ಪೂರ್ತಿ ಅಳಿಸಿಹೋಗುತ್ತದೆ. ಅಳಿಸದೆ ಹೊಸದನ್ನು ಹಾಕಿದರೆ ಹಳೆಯದೂ ಹೊಸದೂ ಕಲಸಿಕೊಂಡು ಯಾವ ಚಾನೆಲ್ಲಿಗೆ ಯಾವ ಪಟ್ಟಿ ಅನ್ನುವುದೇ ತಿಳಿಯುವುದಿಲ್ಲ. ಆಮೇಲೆ ಮೀಡಿಯಾ ಸೆಂಟರಿನಲ್ಲಿ ಟ್ಯೂನರ್ ಸೆಟಪ್ ಮತ್ತೆ ಮಾಡಿ ಚಾನೆಲ್ ಸ್ಕ್ಯಾನ್ ಮುಗಿಸಿದೆ. ಕೊನೆಗೆ ಇಪಿಜಿ123 ತೆರೆದು, ಖಾತೆಯ ಹೆಸರು ಪಾಸ್‌ವರ್ಡ್ ಕೊಟ್ಟು, ನಮ್ಮ ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಹಾಕಿ ಲೈನಪ್ ಆರಿಸಿದೆ.

ತಪ್ಪಿದ್ದು ಇಲ್ಲೇ. ಜಿಪ್ ಕೋಡ್ ಹಾಕಿದರೆ ಕೇಬಲ್ಲಿನದು, ಸ್ಯಾಟಲೈಟಿನದು, ಆಂಟೆನಾದ್ದು ಎಲ್ಲ ಲೈನಪ್‌ಗಳೂ ಒಟ್ಟಿಗೆ ಬರುತ್ತವೆ. ನಾನು ಆತುರಕ್ಕೆ ಮೇಲಿದ್ದ ಕೇಬಲ್ ಲೈನಪ್ ಒತ್ತಿಬಿಟ್ಟೆ. ಹೆಸರುಗಳೆಲ್ಲ ಗೊತ್ತಿರುವವೇ ಆದ್ದರಿಂದ ಅನುಮಾನವೂ ಬರಲಿಲ್ಲ. ಕ್ಲೈಂಟ್ ಚಾನೆಲ್ ಸಂಖ್ಯೆ ನೋಡಿ ತಾನೇ ಹೊಂದಿಸುತ್ತದೆ, ಆದರೆ ಕೇಬಲ್ಲಿನ ಸಂಖ್ಯೆಯೇ ಬೇರೆ, ಆಂಟೆನಾದಲ್ಲಿ ಬರುವ 5.1, 7.1, 9.1 ಬೇರೆ. ಹಾಗಾಗಿ ಒಂದೂ ಹೊಂದಲಿಲ್ಲ. ಸರಿ, ಕೈಯಲ್ಲೇ ಹೊಂದಿಸುತ್ತೇನೆ ಅಂತ ಕೂತೆ. ಎಡಗಡೆ ನಮ್ಮ ಟ್ಯೂನರ್ ಹುಡುಕಿದ ಚಾನೆಲ್‌ಗಳು, ಬಲಗಡೆ ಪಟ್ಟಿಯಲ್ಲಿ ಬಂದವು. ಎಡದಲ್ಲಿ ಒಂದು ಆರಿಸಿ, ಬಲದಲ್ಲಿ ಒಂದು ಆರಿಸಿ, ಬೆಸೆಯಬೇಕು. ನಮ್ಮ 9.1 ಶಿಕಾಗೋದ ಡಬ್ಲ್ಯೂಜಿಎನ್ ಸ್ಟೇಷನ್, ಅದಕ್ಕೆ ಪಟ್ಟಿಯಲ್ಲಿ ಡಬ್ಲ್ಯೂಜಿಎನ್ ಅಂತ ಕಂಡದ್ದನ್ನೇ ಬೆಸೆದೆ. ಅದು ನಮ್ಮ ಊರಿನ ಸ್ಟೇಷನ್ ಅಲ್ಲ, ಆ ಹೆಸರಿನಲ್ಲಿ ದೇಶಕ್ಕೆಲ್ಲ ಕೇಬಲ್ಲಿನಲ್ಲಿ ಬರುತ್ತಿದ್ದ ಡಬ್ಲ್ಯೂಜಿಎನ್ ಅಮೆರಿಕ. ಎರಡು ದಿನ ಗೈಡಿನಲ್ಲಿ ಒಂದು ಕಾರ್ಯಕ್ರಮ, ಪರದೆಯ ಮೇಲೆ ಇನ್ನೊಂದು. ರಾತ್ರಿ 9ರ ಸ್ಥಳೀಯ ವಾರ್ತೆ ಗೈಡಿನಲ್ಲಿ ಇರಲೇ ಇಲ್ಲ. "ಚಾನೆಲ್ 9ರಲ್ಲಿ ವಾರ್ತೆ ನಿಂತುಹೋಯ್ತೇನ್ರೀ?" ಅಂತ ನನ್ನವಳು ಕೇಳಿದಾಗಲೇ ನನಗೆ ಹೊಳೆದದ್ದು.

ಮತ್ತೆ ಕೂತು, 'ಲೋಕಲ್ ಓವರ್ ದಿ ಏರ್' ಅಂತ ಇರುವ ಲೈನಪ್ ಹಾಕಿ, ಕೇಬಲ್ಲಿನದನ್ನು ತೆಗೆದೆ. ಈ ಸಲ ಬಹುಪಾಲು ತಾವೇ ಹೊಂದಿಕೊಂಡವು. ಆದರೂ ನಾನು ಒಂದೊಂದನ್ನೂ ಟಿವಿಯ ಮುಂದೆ ಕೂತು ಪರೀಕ್ಷಿಸಿದೆ: ಚಾನೆಲ್ ಹಾಕುವುದು, ಗೈಡ್ ಏನು ಹೇಳುತ್ತದೆ ಓದುವುದು, ಪರದೆಯಲ್ಲಿ ಅದೇ ಬರುತ್ತಿದೆಯೇ ನೋಡುವುದು. ಮುಖ್ಯ ಚಾನೆಲ್‌ಗಳು ಸರಿ ಇರುತ್ತವೆ. ತೊಂದರೆ ಬರುವುದು 3, 4, 5 ಅಂತ ಬಾಲವಿರುವ ಉಪಚಾನೆಲ್‌ಗಳಲ್ಲಿ, ಅಲ್ಲಿ ನೆಟ್‌ವರ್ಕ್‌ಗಳು ಬದಲಾಗುತ್ತಲೇ ಇರುತ್ತವೆ. ಮುಕ್ಕಾಲು ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದ ಮುಕ್ಕಾಲು ಗಂಟೆ ಅದು. ನೋಡದ ಚಾನೆಲ್‌ಗಳ ಟಿಕ್ ಮಾರ್ಕನ್ನೂ ಆಗಲೇ ತೆಗೆದುಬಿಟ್ಟೆ, ಡೌನ್‌ಲೋಡ್ ಬೇಗ ಮುಗಿಯುತ್ತದೆ, ಗೈಡ್ ನೋಡಲೂ ಹಗುರ.

ದಿನಕ್ಕೊಮ್ಮೆ ತಾನೇ ಪಟ್ಟಿ ತರಿಸಲು ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಕೆಲಸ ಸೇರಿಕೊಳ್ಳುತ್ತದೆ. ನಾನು ಬೆಳಗಿನ 4 ಗಂಟೆಗೆ ಇಟ್ಟೆ. ಕಂಪ್ಯೂಟರ್ ನಿದ್ದೆಯಲ್ಲಿದ್ದರೆ ಎಬ್ಬಿಸು ಅನ್ನುವ ಟಿಕ್ ಹಾಕಿದ್ದೀರಾ ನೋಡಿಕೊಳ್ಳಿ. ದಿನಕ್ಕೆ ಒಂದೇ ಸಲ ಸಾಕು, ಹತ್ತು ಸಲ ತರಿಸಿ ಹಂಚಿಕೊಂಡ ಸೇವೆಯ ಮೇಲೆ ಭಾರ ಹಾಕಬಾರದು.

ಈಗ ನನಗೆ ಬಹಳ ಇಷ್ಟವಾದ ವಿಷಯ. ಈ ಪಟ್ಟಿಯಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸರಣಿಯ ಕಂತಾದರೆ ಇಪಿ ಅಂತ ಶುರುವಾಗುತ್ತದೆ, ಸಿನಿಮಾ ಆದರೆ ಎಂವಿ. ಇಪಿ ಆದಮೇಲೆ ಸರಣಿಯ ಸಂಖ್ಯೆ, ಕೊನೆಯ ನಾಲ್ಕು ಅಂಕಿ ಕಂತಿನದು. ರೆಕಾರ್ಡರ್ ಇದನ್ನು ನೋಡಿಯೇ "ಈ ಕಂತು ಆಗಲೇ ನನ್ನ ಹತ್ತಿರ ಇದೆ, ಬೇಡ" ಅಂತ ತೀರ್ಮಾನಿಸುವುದು. ಆದರೆ ಕೆಲವು ಸಲ ಯಾವ ಕಂತು ಅಂತ ಇನ್ನೂ ಗೊತ್ತಿಲ್ಲದಾಗ ಎಸ್‌ಎಚ್ ಅಂತ ಶುರುವಾಗಿ 0000 ಅಂತ ಮುಗಿಯುವ ಪೊಳ್ಳು ಗುರುತು ಬರುತ್ತದೆ. ವಿವರಣೆಯಲ್ಲೂ ಸರಣಿಯ ಬಗ್ಗೆ ಒಂದೇ ಸಾಲು ಇರುತ್ತದೆ. ಹೊಸ ಕಂತು ಮಾತ್ರ ರೆಕಾರ್ಡ್ ಮಾಡು ಅಂತ ಹೇಳಿಟ್ಟಿದ್ದರೆ ಇಂಥದ್ದು ತಪ್ಪಿಹೋಗಬಹುದು. ಫೆಬ್ರವರಿಯಲ್ಲಿ ಮಗಳ ಬುಧವಾರದ ಕಂತು ಒಂದು ಹೀಗೆಯೇ ಹೋಯಿತು. ಅವಳು ಒದ್ದೆ ಕೂದಲಲ್ಲೇ ಓಡಿಬಂದು ಸೋಫಾದಲ್ಲಿ ಕೂತು, ಪಟ್ಟಿಯಲ್ಲಿ ಕಾಣದೆ ನನ್ನ ಮುಖ ನೋಡಿದಳು. ಪುಣ್ಯಕ್ಕೆ ಮರುಪ್ರಸಾರದಲ್ಲಿ ಸಿಕ್ಕಿತು. ಅಂದಿನಿಂದ ಭಾನುವಾರ ರಾತ್ರಿ ಐದು ನಿಮಿಷ ಮುಂದಿನ ವಾರದ ರೆಕಾರ್ಡಿಂಗ್ ಪಟ್ಟಿಯ ಮೇಲೆ ಕಣ್ಣಾಡಿಸುವುದು ನನ್ನ ರೂಢಿ. ಬೇಕಾದ ಕಾರ್ಯಕ್ರಮದ ವಿವರಣೆ ಪೊಳ್ಳಾಗಿ ಕಂಡರೆ ಅದನ್ನು ಕೈಯಾರೆ ರೆಕಾರ್ಡಿಗೆ ಹಾಕುತ್ತೇನೆ.

ಎಷ್ಟೇ ಒಳ್ಳೆಯ ಗೈಡ್ ಇದ್ದರೂ ಅಮೆರಿಕನ್ ಫುಟ್‌ಬಾಲ್ ಅದರ ಮಾತು ಕೇಳುವುದಿಲ್ಲ. ಸೀಸನ್ ಇದ್ದಾಗ ಭಾನುವಾರ ಮಧ್ಯಾಹ್ನದ ಆಟ ಉದ್ದವಾದರೆ ಸಿಬಿಎಸ್ ಚಾನೆಲ್‌ನ 60 ಮಿನಿಟ್ಸ್ ಅನ್ನುವ ಕಾರ್ಯಕ್ರಮ ತಡವಾಗಿ ಶುರುವಾಗುತ್ತದೆ, ಗೈಡಿನಲ್ಲಿ ಮಾತ್ರ ಸಂಜೆ 6 ಅಂತಲೇ ಇರುತ್ತದೆ. ಅದಕ್ಕೊಂದಕ್ಕೆ ಕೊನೆಯಲ್ಲಿ ಒಂದು ಗಂಟೆ ಹೆಚ್ಚಿಗೆ ಕೊಟ್ಟಿದ್ದೇನೆ. ಉಳಿದದ್ದಕ್ಕೆಲ್ಲ ಮುಂಚೆ ಎರಡು ನಿಮಿಷ, ಆಮೇಲೆ ಮೂರು ನಿಮಿಷ. ಚಳಿಗಾಲಕ್ಕೆ, ಬೇಸಿಗೆಗೆ ಗಡಿಯಾರ ಬದಲಾಗುವುದರಿಂದ ತೊಂದರೆ ಆಗಲಿಲ್ಲ, ಎಂಎಕ್ಸ್‌ಎಫ್ ಕಡತದಲ್ಲಿ ಸಮಯ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿ) ಇರುತ್ತದೆ.

ಇನ್ನೊಂದು ಎಚ್ಚರ. 2017ರಿಂದ 2020ರವರೆಗೆ ಅಮೆರಿಕದ ಎಷ್ಟೋ ಸ್ಟೇಷನ್‌ಗಳು ಬೇರೆ ತರಂಗಕ್ಕೆ ಹೋದವು. ಟಿವಿಯಲ್ಲಿ ಕಾಣುವ ಸಂಖ್ಯೆ ಅದೇ, ಒಳಗಿನ ತರಂಗ ಬೇರೆ. ಮತ್ತೆ ಸ್ಕ್ಯಾನ್ ಮಾಡಿದಾಗ ನನ್ನ ಪಟ್ಟಿಯಲ್ಲಿ ಒಂದೇ ಸಂಖ್ಯೆಯ ಚಾನೆಲ್ ಎರಡೆರಡು ನಿಂತವು, ಒಂದು ಜೀವಂತ, ಒಂದು ಸತ್ತದ್ದು. ಗೈಡ್ ಸತ್ತದ್ದಕ್ಕೆ ಅಂಟಿಕೊಂಡಿತ್ತು. ಗೈಡ್ ಇದೆ, ರೆಕಾರ್ಡಿಂಗ್ ಸಮಯಕ್ಕೆ ಶುರುವಾಗುತ್ತದೆ, ತೆರೆದರೆ ಸಿಗ್ನಲ್ ಇಲ್ಲ. ಹೀಗಾದರೆ ಆಂಟೆನಾ ಅಲುಗಾಡಿಸಲು ಅಟ್ಟ ಹತ್ತುವ ಮೊದಲು ಕ್ಲೈಂಟ್ ತೆರೆದು ಜೋಡಿ ಚಾನೆಲ್ ಇದೆಯೇ ನೋಡಿ, ಸತ್ತದ್ದನ್ನು ಅಳಿಸಿ, ಗೈಡನ್ನು ಇನ್ನೊಂದಕ್ಕೆ ಬೆಸೆಯಿರಿ.

ಮೂರು ವರ್ಷ ಹೀಗೇ ನಡೆಯಿತು. ಭದ್ರತಾ ಅಪ್‌ಡೇಟ್ ಇಲ್ಲದ ವಿಂಡೋಸ್ 7 ಅನ್ನು ಇನ್ನೂ ಎಳೆಯುವುದು ಬೇಡ ಅನ್ನಿಸಿ 2023ರಲ್ಲಿ ಬೇರೆ ಕಂಪ್ಯೂಟರಿಗೆ ಜೆಲ್ಲಿಫಿನ್ ಅನ್ನುವ ಪ್ರೋಗ್ರಾಮ್ ಹಾಕಿ ಅದನ್ನೇ ರೆಕಾರ್ಡರ್ ಮಾಡಿಕೊಂಡೆ. ಅದು ಶೆಡ್ಯೂಲ್ಸ್ ಡೈರೆಕ್ಟ್ ಅನ್ನು ನೇರವಾಗಿಯೂ ತೆಗೆದುಕೊಳ್ಳುತ್ತದೆ, ಎಕ್ಸ್‌ಎಂಎಲ್‌ಟಿವಿ ರೂಪದ ಗೈಡ್ ಕಡತವನ್ನೂ ಓದುತ್ತದೆ. ಇಪಿಜಿ123 ಎಂಎಕ್ಸ್‌ಎಫ್ ಜೊತೆಗೆ ಎಕ್ಸ್‌ಎಂಎಲ್‌ಟಿವಿಯನ್ನೂ ಬರೆದುಕೊಡುವುದರಿಂದ ನಾನು ಕಡತದ ದಾರಿಯನ್ನೇ ಆರಿಸಿದೆ. ಕಾರಣ ಇಷ್ಟೇ, ಅದು ಸಾದಾ ಅಕ್ಷರದ ಕಡತ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಯಾವ ಚಾನೆಲ್, ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ, ಹೆಸರೇನು, ಎಲ್ಲ ಕಣ್ಣೆದುರಿಗೇ. ಬೇಕಾದರೆ ತಿದ್ದಲೂಬಹುದು.

ತಿದ್ದುವ ಸಂದರ್ಭ ಬಂದದ್ದು ಆ ಬೇಸಿಗೆಯಲ್ಲಿ, ಅಮ್ಮ ಹಾಸನದಿಂದ ಆರು ತಿಂಗಳಿಗೆ ಬಂದಾಗ. ಹಗಲಿಡೀ ನಾವೆಲ್ಲ ಕೆಲಸದಲ್ಲಿ. ಕ್ರಿಯೇಟ್ ಅನ್ನುವ ಪಿಬಿಎಸ್ ಉಪಚಾನೆಲ್‌ನಲ್ಲಿ ಬರುವ ಅಡುಗೆ, ಹೊಲಿಗೆ, ತೋಟದ ಕಾರ್ಯಕ್ರಮಗಳು ಅಮ್ಮನಿಗೆ ಬಹಳ ಹಿಡಿಸಿದವು. ಮಾತು ತಿಳಿಯದಿದ್ದರೂ ಕೈಕೆಲಸ ನೋಡಿದರೆ ಗೊತ್ತಾಗುತ್ತದಲ್ಲ. ಆದರೆ ರಿಮೋಟ್ ಹಿಡಿದು ರೆಕಾರ್ಡಿಂಗ್ ಪಟ್ಟಿಗೆ ಹೋದರೆ ಎಲ್ಲ ಇಂಗ್ಲಿಷ್. "ಯಾವ್ದು ಅಡ್ಗೆದು, ಯಾವ್ದು ಬೇರೇದು ಅಂತ ಹೆಂಗೋ ಗೊತ್ತಾಗತ್ತೆ?" ಅಂತ ಕೇಳಿದರು.

ಅವತ್ತು ರಾತ್ರಿ ಪೈಥಾನಿನಲ್ಲಿ ಮೂವತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಅದರಲ್ಲೊಂದು ಪಟ್ಟಿ: ಇಂಗ್ಲಿಷ್ ಹೆಸರು, ಅದರ ಎದುರಿಗೆ ಕನ್ನಡ. ಬೆಳಿಗ್ಗೆ 4ಕ್ಕೆ ಗೈಡ್ ಬಂದ ಮೇಲೆ 4.20ಕ್ಕೆ ಈ ಸ್ಕ್ರಿಪ್ಟ್ ಓಡಿ ಹೆಸರುಗಳನ್ನು ಬದಲಾಯಿಸಿ, ಕನ್ನಡ ಅಕ್ಷರ ಕೆಡದ ಹಾಗೆ ಯುಟಿಎಫ್-8ನಲ್ಲಿ ಉಳಿಸುತ್ತದೆ. ಅದಾದ ಮೇಲೆ ಜೆಲ್ಲಿಫಿನ್ ಗೈಡ್ ಓದುತ್ತದೆ. ಹೆಸರು ಬದಲಾದ ಸರಣಿಗಳ ಹಳೆಯ ರೆಕಾರ್ಡಿಂಗ್ ನಿಯಮ ಕೆಲಸ ಮಾಡಲಿಲ್ಲ, ಅವನ್ನು ಅಳಿಸಿ ಹೊಸದಾಗಿ ಹಾಕಬೇಕಾಯಿತು. ಮಾರನೆಯ ದಿನ ಗೈಡಿನಲ್ಲಿ 'ಬ್ರೆಡ್ ಮಾಡೋದು', 'ಹಿತ್ತಲ ತೋಟ', 'ಹೊಲಿಗೆ ಕಲಿಯೋದು' ಅಂತ ಕನ್ನಡದಲ್ಲಿ ಬಂದಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ನೋಡದ ಒಂದು ಮೀನು ಹಿಡಿಯುವ ಕಾರ್ಯಕ್ರಮದ ಮೇಲೆ ಬೆರಳಿಟ್ಟು, "ಇದೊಂದು ಬಿಟ್ಟೋಗಿದೆ ನೋಡು" ಅಂದರು. ಅದನ್ನೂ ಸೇರಿಸಿದೆ. ಈಗ ಆ ಪಟ್ಟಿಯಲ್ಲಿ 43 ಹೆಸರು ಇವೆ.