ಬಸುರಿ, ಬಾಣಂತಿಯ ಮೂಲವ್ಯಾಧಿ: ಮೊಳೆಗೆ ಮದ್ದು ಆಮೇಲೆ, ಮೊದಲು ಹೊಟ್ಟೆ ಹಗುರಾಗಲಿ

ಏಳನೇ ತಿಂಗಳು ದಾಟಿದ ಮೇಲೆ ಒಂದು ದಿನ ತೊಳೆದುಕೊಳ್ಳುವಾಗ ಕಡಲೆಕಾಳಿನಷ್ಟೋ ದ್ರಾಕ್ಷಿಯಷ್ಟೋ ಮೆತ್ತನೆಯ ಗಂಟು ಬೆರಳಿಗೆ ತಗುಲುತ್ತದೆ. ಮೊದಲು ಗಾಬರಿ, ಆಮೇಲೆ ನಾಚಿಕೆ. ಅತ್ತೆಗೆ ಹೇಳುವಂತಿಲ್ಲ, ಗಂಡನಿಗೆ ಹೇಳಲು ಮುಜುಗರ. ಚೆಕಪ್ಪಿಗೆ ಹೋದರೆ ಡಾಕ್ಟರು ಬಿಪಿ, ತೂಕ, ಹೊಟ್ಟೆ ನೋಡಿ ಕಳಿಸುತ್ತಾರೆ. ನೀವು ಬಾಯಿ ಬಿಡದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಇದೇ ಮೂಲವ್ಯಾಧಿ, ಈಗಿನವರ ಮಾತಿನಲ್ಲಿ ಪೈಲ್ಸ್. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತೀರಾ ಸಾಮಾನ್ಯ. ಮೊಳೆ ಬಂದ ಮಾತ್ರಕ್ಕೆ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ.

ಉಷ್ಣವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಡೆಯುವುದು ಬೇರೆ. ಬಸಿರಿನಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಕರುಳನ್ನು ನಿಧಾನ ಮಾಡುತ್ತದೆ, ರಕ್ತನಾಳಗಳ ಗೋಡೆಯನ್ನು ಸಡಿಲಿಸುತ್ತದೆ. ಮೈಯಲ್ಲಿ ರಕ್ತದ ಪ್ರಮಾಣವೂ ಹೆಚ್ಚಿರುತ್ತದೆ. ಮೇಲಿನಿಂದ ಬೆಳೆದ ಗರ್ಭಕೋಶದ ಭಾರ. ಕೆಳಗಿನ ರಕ್ತ ಮೇಲೆ ಹೋಗಲಾರದೆ ಗುದದ ಸುತ್ತಲಿನ ನಾಳಗಳು ಉಬ್ಬುತ್ತವೆ. ಕರುಳು ನಿಧಾನವಾದಷ್ಟೂ ಮಲದಲ್ಲಿನ ನೀರು ಹೀರಿಹೋಗಿ ಅದು ಗಟ್ಟಿಯಾಗುತ್ತದೆ, ಅದನ್ನು ಹೊರಹಾಕಲು ತಿಣುಕಿದಾಗ ಉಬ್ಬಿದ ನಾಳ ಹೊರಗೆ ಇಳಿಯುತ್ತದೆ. ಹಾರ್ಮೋನನ್ನೂ ಗರ್ಭಕೋಶವನ್ನೂ ನಾವು ಬದಲಿಸಲಾರೆವು. ನಮ್ಮ ಕೈಯಲ್ಲಿರುವುದು ಮಲವನ್ನು ಮೆತ್ತಗಿಡುವುದೊಂದೇ. ಅದನ್ನು ಬಿಟ್ಟು ಬರೀ ಮುಲಾಮು ಹಚ್ಚುತ್ತಾ ಕೂತರೆ ಒಲೆ ಉರಿಸಿಕೊಂಡೇ ಹಾಲು ಉಕ್ಕದಂತೆ ಊದಿದ ಹಾಗೆ.

ಊಟದಿಂದ ಶುರು ಮಾಡಿ. ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಹೋಗಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮಿನಷ್ಟೂ ಇಲ್ಲ. ಹಾಗಾಗಿ ಮಧ್ಯಾಹ್ನ ಒಂದು ಮುದ್ದೆ, ಇಲ್ಲವೇ ಬೆಳಿಗ್ಗೆ ಎರಡು ರಾಗಿ ರೊಟ್ಟಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಮಗುವಿನ ಸರಿಗೆ ಶೋಧಿಸುವ ಹಾಗೆ ಹಿಟ್ಟನ್ನು ಬಟ್ಟೆಯಲ್ಲಿ ಶೋಧಿಸಬೇಡಿ, ಬೇಕಾದ ನಾರೆಲ್ಲ ಬಟ್ಟೆಯ ಮೇಲೇ ಉಳಿಯುತ್ತದೆ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಜೊತೆಗೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ ಇದ್ದರೆ ಸಾಕು. ಹೀರೇಕಾಯಿ, ಪಡವಲಕಾಯಿ, ಸೋರೆಕಾಯಿ, ಬಾಳೆದಿಂಡು, ಯಾವುದಾದರೂ ಒಂದು ಸೊಪ್ಪು ದಿನಾ ಬೇಕು. ಸುವರ್ಣಗಡ್ಡೆ ಮೂಲವ್ಯಾಧಿಗೆ ಮದ್ದು ಎಂಬ ಮಾತು ಹಳೆಯದು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ತರಕಾರಿಯಾಗಿ ತಿನ್ನಿ, ಅರೆಬೆಂದರೆ ಗಂಟಲು ತುರಿಸುತ್ತದೆ. ರಾತ್ರಿ ಒಂದು ಲೋಟ ನೀರಿನಲ್ಲಿ 15-20 ಒಣದ್ರಾಕ್ಷಿ ಅಥವಾ ಎರಡು ಒಣ ಅಂಜೂರ ನೆನೆಹಾಕಿ, ಬೆಳಿಗ್ಗೆ ಹಿಸುಕಿ ನೀರು ಸಮೇತ ತೆಗೆದುಕೊಳ್ಳಿ. ಬಸಿರಿನ ಸಕ್ಕರೆ ಕಾಯಿಲೆ ಇರುವವರು ಈ ಒಣಹಣ್ಣು ಬಿಟ್ಟು ಸೊಪ್ಪು, ಕಾಳನ್ನೇ ಹೆಚ್ಚಿಸಿ.

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಇರುವುದೂ ಕೆಡುತ್ತದೆ. ಒಣ ನಾರು ಕರುಳಿನಲ್ಲಿ ಮುದ್ದೆಗಟ್ಟಿ ನಿಲ್ಲುತ್ತದೆ. ಡಾಕ್ಟರು ನೀರು ಮಿತಿಮಾಡಲು ಹೇಳಿಲ್ಲದಿದ್ದರೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಬೇಕು. ಮಜ್ಜಿಗೆ, ಎಳನೀರು, ತಿಳಿಸಾರು ಎಲ್ಲ ಇದರಲ್ಲೇ ಸೇರಿತು. ನಾರನ್ನೂ ಒಂದೇ ದಿನ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಒಂದು ವಾರ ತೆಗೆದುಕೊಂಡು ನಿಧಾನಕ್ಕೆ ಹೆಚ್ಚಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಇಸಬ್‌ಗೋಲ್ ಹೊಟ್ಟು: ಒಂದರಿಂದ ಎರಡು ಟೀ ಚಮಚವನ್ನು ದೊಡ್ಡ ಲೋಟದ ನೀರಿಗೆ ಹಾಕಿ, ಕದಡಿ, ಗಟ್ಟಿಯಾಗುವ ಮೊದಲೇ ಕುಡಿದು ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಇದರ ಗುಣ ಕಾಣಲು ಒಂದರಿಂದ ಮೂರು ದಿನ ಹಿಡಿಯುತ್ತದೆ, ಮೊದಲ ದಿನವೇ ಆಗಲಿಲ್ಲವೆಂದು ದುಪ್ಪಟ್ಟು ಮಾಡಬೇಡಿ. ಮಲಗುವ ಹೊತ್ತಿಗೆ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಮಾತ್ರೆಯನ್ನು ಇದೇ ಹೀರಿಕೊಂಡು ಹೋಗುತ್ತದೆ.

ಮಾತ್ರೆ ಎಂದಾಗ ಕಬ್ಬಿಣದ ಮಾತ್ರೆಯ ಮಾತು ಹೇಳಲೇಬೇಕು. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ 180 ದಿನ ನುಂಗಬೇಕು. ಇದರಿಂದ ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಕಪ್ಪು ಬಣ್ಣಕ್ಕೆ ಹೆದರಬೇಡಿ. ಮೂಲವ್ಯಾಧಿ ತಂತು ಎಂದು ಮಾತ್ರೆಯನ್ನು ಕದ್ದು ಎಸೆಯುವವರು ಬಹಳ ಜನ. ಅದು ದೊಡ್ಡ ತಪ್ಪು: ಒಂದು ಕಡೆ ಮೊಳೆಯಿಂದ ರಕ್ತ ಹೋಗುತ್ತಿರುತ್ತದೆ, ಇನ್ನೊಂದು ಕಡೆ ರಕ್ತ ತುಂಬುವ ಮಾತ್ರೆಯೂ ನಿಂತಿರುತ್ತದೆ, ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ ಪಾತಾಳಕ್ಕೆ. ತೊಂದರೆಯಾಗುತ್ತಿದೆ ಎಂದು ಡಾಕ್ಟರಿಗೆ ನೇರ ಹೇಳಿ. ಬೇರೆ ಬಗೆಯ ಮಾತ್ರೆಗೆ ಬದಲಿಸುತ್ತಾರೆ, ಇಲ್ಲವೇ ಜೊತೆಗೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡುತ್ತಾರೆ. ಅದು ಬಸುರಿಗೂ ಹಾಲೂಡಿಸುವವಳಿಗೂ ನಡೆಯುವ ಔಷಧ.

ಇನ್ನು ಕಕ್ಕಸಿನ ಪದ್ಧತಿ. ಬೆಳಿಗ್ಗೆ ಏನಾದರೂ ತಿಂದು ಬಿಸಿಯಾಗಿ ಕುಡಿದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಕರೆಯುತ್ತದೆ. ತುಂಬಿದ ಮನೆಯಲ್ಲಿ ಇರುವುದೊಂದೇ ಟಾಯ್ಲೆಟ್ಟು, ಆಫೀಸಿಗೆ ಹೋಗುವವರದ್ದು, ಶಾಲೆಗೆ ಹೋಗುವವರದ್ದು ಮುಗಿಯಲಿ ಎಂದು ಬಸುರಿ ತಡೆದುಕೊಂಡು ನಿಲ್ಲುತ್ತಾಳೆ. ಆ ಕರೆ ಹೋದರೆ ಮತ್ತೆ ಸಂಜೆಗೋ ಮರುದಿನಕ್ಕೋ. ಅಷ್ಟರಲ್ಲಿ ಮಲ ಇನ್ನಷ್ಟು ಗಟ್ಟಿ. ಮನೆಯವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಮೊದಲ ಸರದಿ ಅವಳಿಗೆ ಬಿಡಿ. ಕಮೋಡಾದರೆ ಕಾಲಡಿಗೆ ಅರ್ಧ ಅಡಿಗಿಂತ ತುಸು ಎತ್ತರದ, ಜಾರದ ಸ್ಟೂಲ್ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ, ಕಾಲು ಅಗಲಿಸಿ ಮುಂದಕ್ಕೆ ಬಾಗಿ ಕೂರಬೇಕು. ಮಣೆಯ ಮೇಲೆ ಮಣೆ ಪೇರಿಸಬೇಡಿ, ಒದ್ದೆ ನೆಲದಲ್ಲಿ ಜಾರುತ್ತದೆ. ಭಾರತೀಯ ಪದ್ಧತಿಯದ್ದಾದರೆ ಕೂರುವ ಭಂಗಿ ತಾನೇ ಸರಿಯಿರುತ್ತದೆ, ಆದರೆ ತುಂಬಿದ ಬಸುರಿಗೆ ಏಳಲು ಗೋಡೆಗೊಂದು ಹಿಡಿಕೆ ಬೇಕು. ಉಸಿರು ಬಿಗಿಹಿಡಿದು ತಿಣುಕಬಾರದು. ಬಾಯಿ ಸಡಿಲಿಸಿ ನಿಧಾನಕ್ಕೆ ಉಸಿರು ಬಿಡುತ್ತಾ ಬಿಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಮೊಬೈಲು ಹೊರಗೇ ಇರಲಿ.

ತೊಳೆಯಲು ಜೆಟ್ ಪೈಪನ್ನು ಜೋರಾಗಿ ಬಿಟ್ಟುಕೊಂಡರೆ ಊದಿದ ಜಾಗ ಹರಿಯುತ್ತದೆ. ಚೊಂಬಿನ ನೀರೇ ವಾಸಿ. ಸೋಪು, ಡೆಟಾಲ್ ಹಾಕಬೇಡಿ, ಅವುಗಳಿಂದ ತುರಿಕೆ ಹೆಚ್ಚುತ್ತದೆ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

ನೋವು, ತುರಿಕೆಗೆ ಬೆಚ್ಚನೆಯ ನೀರಿನಲ್ಲಿ ಕೂರುವುದಕ್ಕಿಂತ ಒಳ್ಳೆಯ ಮನೆಮದ್ದಿಲ್ಲ. ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿ ಸಾಕು. ಸ್ನಾನದ ಹಂಡೆಯ ಸುಡುನೀರು ಬೇಡ. ನಾಲ್ಕು ಬೆರಳು ಆಳದ ನೀರು, ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಮೂರು ಬಾರಿ, ಅದರಲ್ಲೊಂದು ಕಕ್ಕಸಿಗೆ ಹೋಗಿಬಂದ ಕೂಡಲೇ. ಉಪ್ಪು ಹಾಕಲೇಬೇಕೆಂದೇನಿಲ್ಲ. ಎಡವುವುದು ಎಲ್ಲಿ ಎಂದರೆ ಟಬ್ಬನ್ನು ನೆಲದ ಮೇಲಿಡುವುದರಲ್ಲಿ: ಎಂಟು ತಿಂಗಳ ಹೊಟ್ಟೆ ಹೊತ್ತು ಅಷ್ಟು ಕೆಳಗೆ ಕೂತು ಏಳಲಾಗದು, ಏಳುವಾಗ ಟಬ್ಬಿನ ಅಂಚಿಗೆ ಭಾರ ಬಿದ್ದರೆ ಮಗುಚುತ್ತದೆ. ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಟಬ್ಬು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದೇ ಲೇಸು. ಊತ ಹೆಚ್ಚಿದ್ದಾಗ ಬಿಸಿಗಿಂತ ತಣ್ಣನೆಯದು ಹಿತ. ಕರವಸ್ತ್ರವನ್ನು ಒದ್ದೆ ಮಾಡಿ ಬೆರಳಿನಷ್ಟು ದಪ್ಪಕ್ಕೆ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಅರ್ಧ ಗಂಟೆ ಇಡಿ. ಕಲ್ಲಾಗುವ ಮೊದಲೇ ತೆಗೆದು, ಕವರಿನ ಮೇಲೆ ಒಣ ಬಟ್ಟೆ ಸುತ್ತಿ, ಎಡಮಗ್ಗುಲಿಗೆ ಮಲಗಿ ಹತ್ತು ನಿಮಿಷ ಒತ್ತಿಕೊಳ್ಳಿ. ಬರೀ ಐಸನ್ನು ಚರ್ಮಕ್ಕೆ ಇಟ್ಟರೆ ಸುಟ್ಟ ಹಾಗೇ ಆಗುತ್ತದೆ.

ಹೊರಬಂದ ಮೆತ್ತನೆಯ ಮೊಳೆ ಒಳಗೆ ಹೋಗುವಂತಿದ್ದರೆ ಕೈ ತೊಳೆದು, ಉಗುರು ಕತ್ತರಿಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ, ಮಗ್ಗುಲಾಗಿ ಮಲಗಿ ಮೆಲ್ಲಗೆ ಒಳಕ್ಕೆ ತಳ್ಳಬಹುದು. ಬಲವಂತ ಬೇಡ. ಇದ್ದಕ್ಕಿದ್ದಂತೆ ನೀಲಿಗಟ್ಟಿ, ಗಟ್ಟಿಯಾಗಿ, ಕೂರಲಾಗದಷ್ಟು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ಅದನ್ನು ತಳ್ಳಬಾರದು. ಮೊದಲ ಎರಡು ಮೂರು ದಿನದೊಳಗೆ ತೋರಿಸಿದರೆ ಸಣ್ಣ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೆಪ್ಪು ತೆಗೆಯಬಹುದು, ಆಮೇಲಾದರೆ ತಾನೇ ಕರಗಲು ವಾರಗಟ್ಟಲೆ ಕಾಯಬೇಕು. ಮಲ ಹೋಗುವಾಗ ಗಾಜು ಕೊಯ್ದಂತಾಗಿ, ಆಮೇಲೂ ಗಂಟೆಗಟ್ಟಲೆ ಉರಿಯುತ್ತಿದ್ದರೆ ಅದು ಬಹುಪಾಲು ಮೂಲವ್ಯಾಧಿಯಲ್ಲ, ಚರ್ಮ ಸೀಳಿದ ಫಿಶರ್. ಅದಕ್ಕೆ ಮುಲಾಮೇ ಬೇರೆ.

ಮಾಡಬಾರದ್ದೂ ಇವೆ. ಮಲ ಸಲೀಸಾಗಿ ಹೋಗಲಿ ಎಂದು ಬಸುರಿಗೆ ಹರಳೆಣ್ಣೆ ಕುಡಿಸಬಾರದು, ಹೊಟ್ಟೆನೋವು, ಭೇದಿಯ ಜೊತೆ ಗರ್ಭಕೋಶವೂ ಹಿಂಡಲು ತೊಡಗಬಹುದು. ಸೋನಾಮುಖಿ ಎಲೆ ಡಾಕ್ಟರನ್ನು ಕೇಳದೆ ಬೇಡ. ಮುಟ್ಟಿದರೆ ಮುನಿಯ ಕಷಾಯ, ಹೆಸರಿಲ್ಲದ ಪುಡಿ, ಭಸ್ಮ ಬೇರೆಯವರಿಗೆ ಏನೇ ಆಗಲಿ, ಬಸುರಿಗೆ ಸಲ್ಲ. ‘ಒಂದೇ ದಿನದಲ್ಲಿ ಮೂಲವ್ಯಾಧಿ ಗುಣ’ ಎಂಬ ಬೋರ್ಡಿನ ಕಡೆ ತಿರುಗಿಯೂ ನೋಡಬೇಡಿ. ನೋವಿಗೆ ಬೇಕಾದರೆ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ಐಬುಪ್ರೊಫೇನ್ ಮಾತ್ರೆ ಐದನೇ ತಿಂಗಳ ನಂತರ ಮಗುವಿಗೆ ಒಳ್ಳೆಯದಲ್ಲ. ಸ್ಟಿರಾಯ್ಡ್ ಸೇರಿದ ಟ್ಯೂಬನ್ನು ಹೇಳಿದ ದಿನಗಳಿಗಿಂತ ಹೆಚ್ಚು ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಈಗ ಬಾಣಂತನದ ಮಾತು, ಮಗಳ ಬಾಣಂತನ ಮಾಡುವ ಅಮ್ಮಂದಿರೇ ನಿಮಗೇ ಹೇಳಬೇಕಾದದ್ದು. ಹೆರಿಗೆಯಲ್ಲಿ ಮುಕ್ಕಿದ ಒತ್ತಡಕ್ಕೆ ಮೊಳೆ ದೊಡ್ಡದಾಗುವುದು, ಹೊಸದಾಗಿ ಬರುವುದು ಸಹಜ. ಸಿಸೇರಿಯನ್ ಆದವರಿಗೂ ಬಿಡುವುದಿಲ್ಲ. ನೋವಿನ ಔಷಧಿ, ಮಲಗಿಯೇ ಇರುವುದು ಎರಡೂ ಹೊಟ್ಟೆ ಕಟ್ಟಿಸುತ್ತವೆ. ಇಂಥ ಹೊತ್ತಿನಲ್ಲೇ ನಮ್ಮ ಪಥ್ಯ ಶುರು: ಹೊಟ್ಟೆ ದಪ್ಪವಾಗುತ್ತದೆಂದು ನೀರು ಕೊಡುವುದಿಲ್ಲ, ಶೀತವೆಂದು ಹಣ್ಣು ಕೊಡುವುದಿಲ್ಲ, ವಾಯುವೆಂದು ಕಾಳು, ತರಕಾರಿ ಕೊಡುವುದಿಲ್ಲ. ಉಳಿದದ್ದು ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಅಂಟಿನುಂಡೆ. ಇವು ಒಂದೂ ಕೆಟ್ಟವಲ್ಲ, ಆದರೆ ನೀರಿಲ್ಲದೆ ಬರೀ ಇವೇ ಆದರೆ ನಾಲ್ಕನೇ ದಿನಕ್ಕೆ ಮಲ ಕಲ್ಲು. ಹೊಟ್ಟೆ ದಪ್ಪವಾಗುವುದು ನೀರಿನಿಂದಲ್ಲ. ಪಥ್ಯದೊಳಗೇ ದಾರಿಯಿದೆ: ಸಬ್ಬಸಿಗೆ ಸೊಪ್ಪಿನ ಪಲ್ಯ, ನುಗ್ಗೆಸೊಪ್ಪು, ಮೆಂತ್ಯಸೊಪ್ಪು, ಹೀರೇಕಾಯಿ ತೊವ್ವೆ, ಬಿಸಿ ರಾಗಿ ಗಂಜಿ, ಮೆಣಸಿನ ಸಾರಿನ ಪಕ್ಕದಲ್ಲಿ ಹೆಸರುಬೇಳೆ ಕಟ್ಟು. ತಣ್ಣೀರು ಬೇಡವೆಂದರೆ ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಫ್ಲಾಸ್ಕಿನಲ್ಲಿಟ್ಟು, ಮಗುವಿಗೆ ಹಾಲೂಡಿಸಲು ಕೂತಾಗಲೆಲ್ಲ ಒಂದೊಂದು ಲೋಟ ಕೊಡಿ. ದಿನಕ್ಕೆ ಎಂಟು ಹತ್ತು ಬಾರಿ ಹಾಲೂಡಿಸುತ್ತಾಳೆ, ಲೆಕ್ಕ ತಾನಾಗಿ ತುಂಬುತ್ತದೆ.

ಹೆರಿಗೆಯಾದ ಮೇಲೆ ಮೊದಲ ಬಾರಿ ಮಲಕ್ಕೆ ಹೋಗುವುದೇ ದೊಡ್ಡ ಭಯ. ಹೊಲಿಗೆ ಬಿಟ್ಟುಹೋದೀತೆಂದು ತಡೆದುಕೊಳ್ಳುತ್ತಾರೆ. ಮಲ ಮೆತ್ತಗಿದ್ದರೆ ಹೊಲಿಗೆ ಹೀಗೆಲ್ಲ ಬಿಡುವುದಿಲ್ಲ. ತಡೆದು ಗಟ್ಟಿ ಮಾಡಿಕೊಂಡರೇ ಕಷ್ಟ. ಶುಭ್ರವಾದ ಪ್ಯಾಡನ್ನು ಮಡಿಸಿ ಹೊಲಿಗೆಯ ಮೇಲೆ ಮುಂದಿನಿಂದ ಮೆಲ್ಲಗೆ ಒತ್ತಿ ಹಿಡಿದುಕೊಂಡರೆ ಧೈರ್ಯ ಬರುತ್ತದೆ. ಮೂರು ದಿನವಾದರೂ ಹೋಗದಿದ್ದರೆ ಆಸ್ಪತ್ರೆಗೆ ಫೋನು ಮಾಡಿ ಮಲ ಮೆತ್ತಗಾಗುವ ಔಷಧಿ ಕೇಳಿ. ಹೊಟ್ಟೆಗೆ ಬಟ್ಟೆ ಕಟ್ಟುವುದಾದರೆ ಕೈ ತೂರುವಷ್ಟು ಸಡಿಲವಿರಲಿ. ಬಿಗಿದರೆ ಒತ್ತಡವೆಲ್ಲ ಕೆಳಗಿಳಿದು ಮೊಳೆಯನ್ನೇ ತಳ್ಳುತ್ತದೆ. ಕೆಂಡದ ಕಾವನ್ನು ಆ ಜಾಗಕ್ಕೆ ಹಿಡಿಯಬೇಡಿ. ನಡುವೆ ತೂತಿರುವ ರಿಂಗ್ ದಿಂಬು ಹಿತವೆನಿಸಿದರೂ ಹೆಚ್ಚು ಹೊತ್ತು ಕೂತರೆ ನಡುವಿನ ಭಾಗಕ್ಕೆ ರಕ್ತ ಇಳಿದು ಊತ ಹೆಚ್ಚುತ್ತದೆ. ಮೆತ್ತನೆಯ ಸಮತಟ್ಟು ದಿಂಬು ಸಾಕು. ರಾತ್ರಿ ಮಗ್ಗುಲಾಗಿ ಮಲಗಿಯೇ ಹಾಲೂಡಿಸಲಿ. ಹಿಂದಿನಿಂದ ಗಾಳಿ ಹೋಗದಂತೆ ತಡೆಯುವಾಗ ಬಿಗಿಹಿಡಿಯುತ್ತೇವಲ್ಲ, ಹಾಗೆ ಗುದದ ಸ್ನಾಯುವನ್ನು ಐದು ಎಣಿಸುವವರೆಗೆ ಒಳಕ್ಕೆಳೆದು, ಐದು ಎಣಿಸುವವರೆಗೆ ಬಿಡುವುದು, ಹತ್ತು ಬಾರಿ, ದಿನಕ್ಕೆ ಮೂರು ಸಲ: ನೋವಿಲ್ಲವಾದರೆ ಮೊದಲ ವಾರದಲ್ಲೇ ಶುರು ಮಾಡಬಹುದು.

ರಕ್ತದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಮಲದ ಕೊನೆಯಲ್ಲಿ ನಾಲ್ಕು ಹನಿ ಕೆಂಪು ರಕ್ತ ಮೂಲವ್ಯಾಧಿಯದ್ದಿರಬಹುದು, ಆದರೂ ಮುಂದಿನ ಭೇಟಿಯಲ್ಲಿ ಹೇಳಿ. ಬಸುರಿಯಾದರೆ ರಕ್ತ ಹಿಂದಿನಿಂದಲೋ ಮುಂದಿನಿಂದಲೋ ಎಂದು ಎರಡು ಬಿಳಿ ಬಟ್ಟೆಯಿಂದ ಬೇರೆ ಬೇರೆಯಾಗಿ ಒತ್ತಿ ನೋಡಿ; ಮುಂದಿನದ್ದಾದರೆ, ಅನುಮಾನವಿದ್ದರೂ ಸರಿ, ಆಗಲೇ ಆಸ್ಪತ್ರೆಗೆ. ಧಾರೆಯಾಗಿ ಹೋದರೆ, ಗಡ್ಡೆ ಬಿದ್ದರೆ, ತಲೆಸುತ್ತು, ಜ್ವರ, ಕೀವು ಇದ್ದರೆ, ಟಾರಿನಂತೆ ಅಂಟಂಟಾಗಿ ಕೆಟ್ಟ ವಾಸನೆಯ ಕಪ್ಪು ಮಲವಾದರೆ ಕಾಯಬೇಡಿ.

ಹೆಚ್ಚಿನವರಿಗೆ ಹೆರಿಗೆಯಾಗಿ ಆರು ವಾರದೊಳಗೆ ಮೊಳೆ ಕುಗ್ಗುತ್ತದೆ. ಎರಡು ತಿಂಗಳಾದರೂ ರಕ್ತ ಹೋಗುತ್ತಿದ್ದರೆ, ಪ್ರತಿ ಸಲ ಹೊರಗೆ ಬರುತ್ತಿದ್ದರೆ ಸರ್ಜನ್ನರಿಗೆ ತೋರಿಸಿ. ಒಳಮೊಳೆಯ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಒಣಗಿಸುವ ವಿಧಾನಕ್ಕೆ ಸಾಮಾನ್ಯವಾಗಿ ಅಡ್ಮಿಟ್ ಆಗುವ ಅಗತ್ಯವೂ ಇಲ್ಲ. ಊತ ಇಳಿದ ಮೇಲೆ ಕೆಲವರಿಗೆ ನೋವಿಲ್ಲದ ಚರ್ಮದ ಮಡಿಕೆಯೊಂದು ಉಳಿಯುತ್ತದೆ. ಅದು ಮೊಳೆಯಲ್ಲ, ಉಬ್ಬಿದ ಚರ್ಮ ಜೋತುಬಿದ್ದದ್ದು. ತೊಳೆದು ಒಣಗಿಸಿಕೊಂಡರೆ ಸಾಕು, ಕತ್ತರಿಸಲು ಹೋಗಬೇಕಿಲ್ಲ.