ಪಳಗಿದ ಚಾಲಕರಿಗೂ ಬ್ರೇಕ್ ಪಾಠ: ಕಾರು ಕ್ಲಬ್ಬಿನ ಕೌಶಲ ದಿನ ನಡೆಸುವ ಬಗೆ

ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅರಬೈಲ್ ಇಳಿದು ಅಂಕೋಲೆಗೆ ವರ್ಷಗಟ್ಟಲೆ ಓಡಾಡಿದವರಿಗೆ ಗೇರು, ತಿರುವುಗಳನ್ನು ಹೇಳಿಕೊಡಬೇಕಿಲ್ಲ. ಆದರೆ ಹೀಗೆ ಪಳಗಿದವರಲ್ಲೂ ಬ್ರೇಕನ್ನು ಒಮ್ಮೆಯಾದರೂ ಪೂರ್ತಿ ಒತ್ತಿ ನೋಡಿದವರು ಕಡಿಮೆ. ದನ ಅಡ್ಡ ಬಂದರೆ ಗಟ್ಟಿಯಾಗಿ ಒತ್ತುತ್ತಾರೆ, ಪೆಡಲ್ ನಡುಗಿದೊಡನೆ ಕಾಲು ಸಡಿಲಿಸುತ್ತಾರೆ. ಆ ನಡುಕ ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕಾಗದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುತ್ತಿರುವ ಗುರುತು. ಕಾಲು ತೆಗೆಯಲು ಅದು ಕಾರಣವೇ ಅಲ್ಲ. ಕ್ಲಬ್ಬಿನವರು ಒಟ್ಟಾಗಿ ಚಾಲನೆ ಅಭ್ಯಾಸ ಮಾಡುವ ಕೌಶಲ ದಿನವನ್ನು ಇಂಥ ಅಭ್ಯಾಸಗಳನ್ನು ತಿದ್ದಲೆಂದೇ ರೂಪಿಸಬೇಕು. ವೇಗ ಕಡಿಮೆ ಇರಲಿ, ಸುತ್ತು ಹೆಚ್ಚಿರಲಿ, ಪ್ರತಿ ಸುತ್ತನ್ನೂ ಟೇಪಿನಿಂದ ಅಳೆಯಿರಿ.

ಜಾಗ ಮತ್ತು ವಿಮೆ

ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಲೇಬೇಡಿ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗ ಪರೀಕ್ಷೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಕಾರವಾರದ ಕಡೆಯವರಿಗೆ ಮೊದಲು ಹೊಳೆಯುವುದು ಕಡಲತೀರ. ಅದೂ ಬೇಡ. ಮರಳಿನ ಗಟ್ಟಿತನ ಭರತ ಇಳಿತದೊಂದಿಗೆ ಬದಲಾಗುವುದರಿಂದ ಒಂದು ಸುತ್ತಿನ ಅಳತೆಯನ್ನು ಇನ್ನೊಂದಕ್ಕೆ ಹೋಲಿಸಲಾಗದು. ಬಲೆ ಎಳೆಯುವವರು, ಮಕ್ಕಳು ಅಲ್ಲೇ ಓಡಾಡುತ್ತಾರೆ. ಉಪ್ಪುನೀರು ಬ್ರೇಕಿಗೂ ಕಾರಿನ ತಳಕ್ಕೂ ಕೆಟ್ಟದ್ದು.

ಬೇಕಾದದ್ದು ಸುತ್ತ ಬೇಲಿಯಿರುವ, ಮಟ್ಟಸವಾದ, ಡಾಂಬರು ಅಥವಾ ಕಾಂಕ್ರೀಟ್ ಹಾಸಿದ ಸುಮಾರು 120 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ. ಉದ್ದದ ಲೆಕ್ಕ ಹೀಗೆ: 50 ಕಿ.ಮೀ. ವೇಗಕ್ಕೆ ಏರಲು 60 ಮೀಟರ್, ಒದ್ದೆ ನೆಲದಲ್ಲಿ ನಿಲ್ಲಲು 20, ತಪ್ಪಿದರೆ ಮುಂದೆ ಹೋಗಲು ಖಾಲಿ 40. ಕಾರ್ಖಾನೆಯ ಅಂಗಳ, ರಜೆಯ ದಿನದ ಮಾರುಕಟ್ಟೆ ಪ್ರಾಂಗಣ, ಯಾವುದೇ ಆಗಲಿ, ಮಾಲೀಕರ ಅನುಮತಿ ಲಿಖಿತವಾಗಿರಲಿ. ಪೊಲೀಸ್ ಠಾಣೆಗೂ ಪತ್ರ ಕೊಡಿ.

ವಿಮೆಯ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಸಾಮಾನ್ಯ ಕಾರು ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವಿರುತ್ತದೆ. ಸಂಘಟಿತ ರೇಸ್, ವೇಗ ಪರೀಕ್ಷೆ, ವಾಹನದ ವಿಶ್ವಾಸಾರ್ಹತೆಯ ಪರೀಕ್ಷೆಗಳಿಗೆ ರಕ್ಷಣೆ ಇಲ್ಲವೆಂದು ಅಲ್ಲಿ ಬರೆದಿರುತ್ತದೆ. ನಿಮ್ಮದು ತರಬೇತಿ, ಸ್ಪರ್ಧೆಯಲ್ಲ ಎಂದು ಕಾರ್ಯಕ್ರಮದ ವಿವರದೊಂದಿಗೆ ವಿಮಾ ಕಂಪನಿಗೆ ಮೊದಲೇ ಬರೆದು, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಸಮಯ ಹಿಡಿದು ಒಂದನೆಯವರು, ಎರಡನೆಯವರು ಎಂದು ಘೋಷಿಸಿದರೆ ಆ ಮಾತು ನಿಲ್ಲುವುದಿಲ್ಲ.

ಎಷ್ಟು ಕಾರು, ಎಷ್ಟು ಹೊತ್ತು

ಹದಿನಾರು ಕಾರು ಸಾಕು. ನಾಲ್ಕರಂತೆ ನಾಲ್ಕು ಗುಂಪು ಮಾಡಿ. ಮೂರು ಕಡೆ ಚಾಲನೆ, ಒಂದು ಕಡೆ ನೆರಳಲ್ಲಿ ಮಾತುಕತೆ. ಪ್ರತಿ ಕಡೆ ಒಬ್ಬ ತರಬೇತುದಾರ, ಇಬ್ಬರು ಸಹಾಯಕರು. ಒಂದು ಸುತ್ತಿಗೆ ಒಂದೂವರೆ ನಿಮಿಷ ಹಿಡಿದರೆ ನಾಲ್ಕು ಕಾರು ಎಂಟೆಂಟು ಸುತ್ತು ಮುಗಿಸಲು 48 ನಿಮಿಷ ಬೇಕು. ಹೀಗೆ ಸರದಿಯಲ್ಲಿ ಹೋದರೆ ಪ್ರತಿ ಕಾರಿಗೂ ನಡುವೆ ನಾಲ್ಕೂವರೆ ನಿಮಿಷ ಬಿಡುವು ಸಿಗುತ್ತದೆ, ಬ್ರೇಕ್ ತಣಿಯುತ್ತದೆ. ಗುಂಪಿನಲ್ಲಿ ಎರಡೇ ಕಾರಿದ್ದರೆ ಮೂರನೆಯ ಸುತ್ತಿಗೇ ಸುಟ್ಟ ವಾಸನೆ ಬರಬಹುದು. ಬಿಸಿಯಾದ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕರಾವಳಿಯ ಸೆಕೆಯಲ್ಲಿ ಎಂಟಕ್ಕೆ ಶುರುಮಾಡಿ ಹನ್ನೆರಡಕ್ಕೆ ಕಾರು ನಿಲ್ಲಿಸುವುದು ಒಳ್ಳೆಯದು. ಊಟ ಆಮೇಲೆ. ಹೊಟ್ಟೆ ತುಂಬಿದ ಮೇಲೆ ತುರ್ತು ಬ್ರೇಕಿನ ಅಭ್ಯಾಸ ಬೇಡ. ನಡುವೆ ಮಜ್ಜಿಗೆ, ಮುರುಗಲು ಪಾನಕ ಇದ್ದರೆ ಸಾಕು.

ಸಾಮಾನು: 60 ಕೋನ್, 50 ಮೀಟರ್ ಟೇಪು, ಸುಣ್ಣದ ಪುಡಿ, ಕೆಂಪು ಬಾವುಟ, ಸೀಟಿ, ಅಗ್ನಿಶಾಮಕ ಸಿಲಿಂಡರ್ ಕನಿಷ್ಠ ಎರಡು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. 108 ಆಂಬುಲೆನ್ಸ್ ಬಂದರೆ ಯಾವ ಗೇಟಿನಿಂದ ಒಳಬರಬೇಕೆಂದು ಮೊದಲೇ ನಿರ್ಧರಿಸಿ. ನೋಡುವವರೆಲ್ಲ ಕಾರು ಹೊರಡುವ ಜಾಗದ ಹಿಂದೆ ನಿಲ್ಲಲಿ, ತಿರುವಿನ ಹೊರಬದಿಯಲ್ಲಿ ಯಾರೂ ಬೇಡ.

ಕಾರು ತಪಾಸಣೆ

ಏಳಕ್ಕೇ ಶುರುಮಾಡಿ. ಟೈರ್ ತಣ್ಣಗಿರುವಾಗ ಹವಾ ನೋಡಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಇರುತ್ತದೆ. ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಿದ್ದರೆ ಒಳಗೆ ಬಿಡಬೇಡಿ, 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಒದ್ದೆ ಅಭ್ಯಾಸಕ್ಕೆ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಆಗ ಪೆಡಲ್ ಮೆತ್ತಗಾಗುತ್ತದೆ. ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಮೊದಲು ಬದಲಿಸಿ ಬರಲು ಹೇಳಿ. ಕಾಲಡಿಯ ಮ್ಯಾಟ್, ಡಿಕ್ಕಿಯ ಸಾಮಾನು ಎಲ್ಲ ಹೊರಗೆ. ಪೆಡಲಿನ ಅಡಿಗೆ ಉರುಳಿದ ನೀರಿನ ಬಾಟಲಿ ಬ್ರೇಕನ್ನೇ ತಡೆಯಬಲ್ಲದು.

ಸೀಟು ಸರಿಪಡಿಸಿಕೊಳ್ಳಲು ಐದು ನಿಮಿಷ ಕೊಡಿ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ತುದಿಗೆ ತಾಗಬೇಕು. ಬ್ರೇಕ್ ಪೂರ್ತಿ ಒತ್ತಲಾಗದವರ ಸಮಸ್ಯೆ ಹಲವು ಸಲ ಧೈರ್ಯದ್ದಲ್ಲ, ಹಿಂದೆ ಸರಿದ ಸೀಟಿನದ್ದು.

ಅಭ್ಯಾಸ

ಮೊದಲು ಬ್ರೇಕ್. 30, 40, 50 ಕಿ.ಮೀ. ಹೀಗೆ ಏರಿಸಿ. ಕಾರಿನ ಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ಪಕ್ಕದಲ್ಲಿ ಕೂತ ತರಬೇತುದಾರ ಮೊಬೈಲಿನ ಜಿಪಿಎಸ್ ನೋಡಿ ವೇಗ ಹೇಳಲಿ. ಒಣ ಡಾಂಬರಿನಲ್ಲಿ 40ಕ್ಕೆ ಸುಮಾರು 8 ಮೀಟರಿನಲ್ಲಿ ನಿಲ್ಲುವ ಕಾರಿಗೆ 60ಕ್ಕೆ 18 ಮೀಟರ್ ಬೇಕು. ವೇಗ ಒಂದೂವರೆ ಪಟ್ಟಾದರೆ ದೂರ ಎರಡೂಕಾಲು ಪಟ್ಟು. ಒದ್ದೆಯಲ್ಲಿ 40ಕ್ಕೇ 12–13 ಮೀಟರ್. ನಿಂತ ಜಾಗಕ್ಕೆ ಸುಣ್ಣ ಹಾಕಿ, ಚಾಲಕರೇ ಇಳಿದು ನೋಡಲಿ. ಬೇರೆಯವರ ಅಂಕಿಯೊಂದಿಗೆ ಹೋಲಿಕೆ ಬೇಡ, ತಮ್ಮದೇ ಮೊದಲ ಸುತ್ತಿನೊಂದಿಗೆ ಇರಲಿ.

ಇಲ್ಲೊಂದು ತೊಡಕಿದೆ. ಬ್ರೇಕ್ ಒತ್ತಬೇಕಾದ ಜಾಗದ ಕೋನ್ ಎಲ್ಲಿದೆಯೆಂದು ಗೊತ್ತಿದ್ದವರು ಅದಕ್ಕೂ ಮುಂಚೆಯೇ ಆ್ಯಕ್ಸಿಲರೇಟರ್ ಬಿಡುತ್ತಾರೆ, ಅಳತೆ ಸುಳ್ಳಾಗುತ್ತದೆ. ಮೂರು ಸುತ್ತಿನ ನಂತರ ಕೋನ್ ತೆಗೆದು, ತರಬೇತುದಾರ ಹಠಾತ್ತಾಗಿ ‘ನಿಲ್ಸಿ’ ಎನ್ನಲಿ. 40ರಲ್ಲಿ ಒಂದು ಸೆಕೆಂಡು ತಡವಾದರೆ 11 ಮೀಟರ್ ಹೋಯಿತು.

ಒದ್ದೆ ನೆಲಕ್ಕೆ ಟ್ಯಾಂಕರ್ ತರಿಸಿ. 60 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಒಂದು ಮಿ.ಮೀ. ನೀರು ನಿಲ್ಲಿಸಲು 360 ಲೀಟರ್ ಬೇಕು. 5,000 ಲೀಟರಿನಲ್ಲಿ ಹದಿಮೂರು ಸಲ ತೋಯಿಸಬಹುದು. ಅಂಚಿನಲ್ಲಿ ಚಿರೆಕಲ್ಲಿನ ಪುಡಿ ಹರಡಿದ ನೆಲ ಇದ್ದರೆ ಅಲ್ಲೂ 30ರಲ್ಲಿ ಒಮ್ಮೆ ಮಾಡಿಸಿ. ಸಡಿಲ ನೆಲದಲ್ಲಿ ಲಾಕಾದ ಚಕ್ರ ಮುಂದೆ ಮಣ್ಣು ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಕಾರು ಇನ್ನೂ ಮುಂದೆ ಹೋಗುತ್ತದೆ. ಮನೆಯ ದಾರಿ ಮಣ್ಣಿನದಾಗಿರುವವರು ಇದನ್ನು ಕಾಲಿನಲ್ಲೇ ಅರಿಯಬೇಕು.

ಎರಡನೆಯದು ತಪ್ಪಿಸಿಕೊಳ್ಳುವುದು. ಎರಡು ಕೋನಿನ ನಡುವೆ 3 ಮೀಟರ್ ಅಗಲದ ಬಾಗಿಲು, 25 ಮೀಟರ್ ಮುಂದೆ ಕೋನಿನ ಗೋಡೆ, ಎಡಬಲಕ್ಕೆ ದಾರಿ. ಬಾಗಿಲಲ್ಲಿ ‘ಎಡ’ ಅಥವಾ ‘ಬಲ’ ಎಂದು ಕೂಗಿ. ವೇಗ 30ರಿಂದ 40. ಎತ್ತರದ ಕಾರುಗಳು ಮಗುಚುವ ಅಪಾಯವಿರುವುದರಿಂದ ಅವಕ್ಕೆ 35 ದಾಟಬೇಡಿ. ಕೋನಿಗೆ ಗುದ್ದುವವರು ಸಾಮಾನ್ಯವಾಗಿ ಕೋನನ್ನೇ ದಿಟ್ಟಿಸುತ್ತಿರುತ್ತಾರೆ. ಕಣ್ಣು ಖಾಲಿ ದಾರಿಯತ್ತ ಇರಲಿ.

ಮೂರನೆಯದು ಹಿಮ್ಮುಖ ಚಾಲನೆ: 2.4 ಮೀಟರ್ ಅಗಲ, 20 ಮೀಟರ್ ಉದ್ದ, ನಡುವೆ ಒಂದು ತಿರುವು, ಕನ್ನಡಿ ನೋಡಿಯೇ ಬರಬೇಕು. ಕಿರಿದಾದ ಘಟ್ಟದಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಎದುರಿಗೆ ಬಸ್ಸು ಬಂದಾಗ ಹಿಂದೆ ಸರಿಯಲು ಬಾರದವರು ಆ ನಿಯಮ ಪಾಲಿಸುವುದು ಹೇಗೆ?

ಮಧ್ಯಾಹ್ನ ಘಟ್ಟದ ಸುತ್ತು ಇಟ್ಟುಕೊಂಡರೆ ಅದು ಬರೀ ನೋಡಿ ಕಲಿಯುವುದಕ್ಕೆ: ನಾಲ್ಕೈದೇ ಕಾರು, ಹಿಂದಿಕ್ಕುವಂತಿಲ್ಲ, ಏರಲು ಬೇಕಾಗುವ ಗೇರಿನಲ್ಲೇ ಇಳಿಯಬೇಕು. ಹಿಂದಿನ ದಿನವೇ ರಸ್ತೆ ತೆರೆದಿದೆಯೇ ವಿಚಾರಿಸಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿತ ಜೀವಗಳನ್ನೇ ತೆಗೆದ ಉತ್ತರ ಕನ್ನಡ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಸುತ್ತನ್ನು ಕೈಬಿಡುವುದೇ ಸರಿ.

ಹೊರಡುವ ಮುನ್ನ ಚಕ್ರದ ನಟ್ಟುಗಳನ್ನು ಕಾರಿನ ಕೈಪಿಡಿಯ ಅಳತೆಗೆ ಪರೀಕ್ಷಿಸಿ, ಟೈರಿನ ಅಂಚು ಹರಿದಿದೆಯೇ ನೋಡಿ. ಬಿಸಿ ಟೈರಿನಲ್ಲಿ ಹವಾ ಹೆಚ್ಚು ತೋರಿಸಿದರೂ ಹೊರಗೆ ಬಿಡಬೇಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿಕೊಳ್ಳಲು ಎಲ್ಲರಿಗೂ ಹೇಳಿ ಕಳಿಸಿ.