ಕಣ್ಣಿನ ರೆಪ್ಪೆ ನೋಡಿ ಔಷಧಿ ಕುಡಿಸಿ: ಮೇಕೆಗಳ ಜಂತು ಮತ್ತು ಔಷಧಿಗೆ ಬಗ್ಗದ ಹುಳ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಸೀಮೆಯಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬಿದ್ದು ಕಾವಲಿನಲ್ಲಿ ಹಸಿರು ಚಿಗುರಿದ ಮೂರು ನಾಲ್ಕು ವಾರಕ್ಕೆ ಕೆಲವು ಮೇಕೆಗಳು ಹಿಂಡಿನ ಹಿಂದೆ ಬೀಳತೊಡಗುತ್ತವೆ. ಸಂಜೆ ರೊಪ್ಪಕ್ಕೆ ಮರಳುವಾಗ ಅವುಗಳ ಗದ್ದದ ಕೆಳಗೆ ಮೆತ್ತನೆಯ ಬಾವು ಕಾಣುತ್ತದೆ, ಬೆರಳಿನಿಂದ ಒತ್ತಿದರೆ ತಗ್ಗು ಹಾಗೆಯೇ ಉಳಿಯುತ್ತದೆ, ಬೆಳಿಗ್ಗೆ ನೋಡಿದರೆ ಬಾವು ಅರ್ಧ ಇಳಿದಿರುತ್ತದೆ. ಹಿಕ್ಕೆ ಗಟ್ಟಿಯಾಗಿಯೇ ಇರುವುದರಿಂದ ಎಷ್ಟೋ ಜನ ಇದು ಜಂತಿನ ತೊಂದರೆಯಲ್ಲವೆಂದು ತಿಳಿಯುತ್ತಾರೆ. ಆದರೆ ನಮ್ಮ ಭಾಗದ ಮೇಕೆಗಳಿಗೆ ಅತಿ ಹೆಚ್ಚು ಹಾನಿ ಮಾಡುವ ಹೀಮಾಂಕಸ್ ಎಂಬ ಹುಳ ಸಾಮಾನ್ಯವಾಗಿ ಭೇದಿ ತರುವುದಿಲ್ಲ, ರಕ್ತ ಕುಡಿಯುತ್ತದೆ.

ಕೆಂಪು ಮತ್ತು ಬಿಳಿ ಎಳೆಗಳನ್ನು ಹೊಸೆದ ದಾರದಂತೆ ಕಾಣುವ ಈ ಹುಳ ಮೇಕೆಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತವನ್ನು ಹಾಳುಮಾಡುತ್ತದೆ ಎಂದರೆ ಸಾವಿರ ಹುಳಗಳಿರುವ ಮೇಕೆ ದಿನಕ್ಕೆ 50 ಮಿಲಿ ಕಳೆದುಕೊಳ್ಳುತ್ತದೆ, ಇಪ್ಪತ್ತು ಕಿಲೋ ತೂಕದ ಮೇಕೆಯ ಮೈಯಲ್ಲಿ ಇರುವುದೇ ಒಂದೂವರೆ ಲೀಟರಿನ ಆಸುಪಾಸು ರಕ್ತ. ಹೆಣ್ಣು ಹುಳ ದಿನವೊಂದಕ್ಕೆ ಐದು ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಹಿಕ್ಕೆಯೊಂದಿಗೆ ಹೊರಬಿದ್ದ ಮೊಟ್ಟೆ ತೇವ ಮತ್ತು ಬೆಚ್ಚನೆಯ ಹವೆ ಸೇರಿದರೆ ವಾರದೊಳಗೆ ಮರಿಹುಳವಾಗಿ ಹುಲ್ಲಿನ ಬುಡಕ್ಕೆ ಏರುತ್ತದೆ, ಮೇಕೆಯ ಹೊಟ್ಟೆ ಸೇರಿದ ಮೂರು ವಾರಕ್ಕೆ ತಾನೂ ಮೊಟ್ಟೆ ಇಡುತ್ತದೆ.

ಇದಕ್ಕೆ ನಮ್ಮಲ್ಲಿ ರೂಢಿಯಾಗಿರುವ ಮದ್ದೆಂದರೆ ಮೂರು ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಔಷಧಿ ಕುಡಿಸುವುದು. ನಾನೂ ವರ್ಷಗಳ ಕಾಲ ಹಾಗೆಯೇ ಮಾಡಿದೆ. ಒಂದು ವರ್ಷ ಹಸ್ತ ಮಳೆಯ ಹೊತ್ತಿಗೆ, ಔಷಧಿ ಕುಡಿಸಿ ಹನ್ನೆರಡು ದಿನವೂ ಕಳೆಯದೆ, ಮರಿ ಹಾಕಿದ್ದ ಮೇಕೆಯೊಂದರ ಗದ್ದ ಊದಿದಾಗ ಮಾತ್ರ ತಪ್ಪು ಅರಿವಾಯಿತು. ಪ್ರತಿ ಸಲ ಔಷಧಿ ಕುಡಿಸಿದಾಗಲೂ ಅದಕ್ಕೆ ಬಗ್ಗುವ ಹುಳಗಳು ಸಾಯುತ್ತವೆ, ತಾಳಿಕೊಳ್ಳುವ ಕೆಲವು ಉಳಿದು ಅವುಗಳ ಸಂತತಿ ಮಾತ್ರ ಕಾವಲನ್ನು ತುಂಬುತ್ತದೆ. ಇದು ಹೊಸ ಸಂಗತಿಯೂ ಅಲ್ಲ: 1961ರಲ್ಲಿ ಮಾರುಕಟ್ಟೆಗೆ ಬಂದ ಥಯಾಬೆಂಡಜೋಲ್ ಔಷಧಿಗೆ ಬಗ್ಗದ ಹೀಮಾಂಕಸ್ 1964ರಲ್ಲೇ ವರದಿಯಾಗಿತ್ತು.

ಆದ್ದರಿಂದ ಮೊದಲ ಕೆಲಸ ಬಾಟಲಿ ತೆರೆಯುವುದಲ್ಲ, ಕಣ್ಣು ನೋಡುವುದು. ಹಗಲ ಬೆಳಕಿನಲ್ಲಿ ಮೇಕೆಯ ತಲೆಯನ್ನು ತೊಡೆಗೆ ಆನಿಸಿಕೊಂಡು, ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಎಳೆದು ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆ ಸರಿಸಿದರೆ ಒಳಪದರ ಹೊರಗೆ ಮಡಚಿಕೊಳ್ಳುತ್ತದೆ. ಎರಡು ಕಣ್ಣಿನದನ್ನೂ ನೋಡಿ, ಹೆಚ್ಚು ಬಿಳಿಚಿಕೊಂಡಿರುವುದನ್ನೇ ಲೆಕ್ಕಕ್ಕೆ ಹಿಡಿಯಬೇಕು. ದಾಳಿಂಬೆ ಕಾಳಿನ ಕೆಂಪಿದ್ದರೆ ಒಂದು, ಸುಣ್ಣದ ಬಿಳುಪಿದ್ದರೆ ಐದು ಎಂದು ಅಂಕ ಕೊಡುವ ಫಮಾಚಾ ಕಾರ್ಡನ್ನು ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗಾಗಿ ರೂಪಿಸಿದರು, ಅದು ಮೇಕೆಗಳಿಗೂ ಸಲ್ಲುತ್ತದೆ. ನಾಲ್ಕು ಮತ್ತು ಐದಕ್ಕೆ ಔಷಧಿ ಕೊಡಲೇಬೇಕು. ಮೂರರಲ್ಲಿರುವುದು ಮರಿಯಾಗಿದ್ದರೆ, ಗಬ್ಬವಾಗಿದ್ದರೆ, ಹಾಲೂಡುತ್ತಿದ್ದರೆ ಅಥವಾ ಬಡಕಲಾಗಿದ್ದರೆ ಅದಕ್ಕೂ ಕೊಡಬೇಕು. ಒಂದು ಮತ್ತು ಎರಡನ್ನು ಹಾಗೆಯೇ ಬಿಡಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೀಗೆ ನೋಡಿದರೆ ಸಾಕು. ಆದರೆ ಉಣ್ಣಿ, ಹೇನುಗಳು ಹೆಚ್ಚಿದರೂ ರೆಪ್ಪೆ ಬಿಳಿಚಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಬಿಟ್ಟ ಮೇಕೆಗಳ ಹೊಟ್ಟೆಯಲ್ಲಿ ಹುಳ ಉಳಿಯುತ್ತದಲ್ಲ ಎಂಬ ಅಳುಕು ಸಹಜ, ಆದರೆ ಆ ಹುಳಗಳೇ ನಮಗೆ ಬೇಕು. ಔಷಧಿಗೆ ಬಗ್ಗುವ ಅವುಗಳ ಮರಿಗಳು ಕಾವಲಿನಲ್ಲಿ ಹೆಚ್ಚಿದ್ದಷ್ಟೂ ಬಗ್ಗದ ಹುಳಗಳ ಪಾಲು ಕಡಿಮೆಯಾಗುತ್ತದೆ. ಇದೇ ಕಾರಣಕ್ಕೆ ಇಡೀ ಹಿಂಡಿಗೆ ಕುಡಿಸಿ ಆ ದಿನವೇ ಹೊಸ ಮೇವಿನ ಜಾಗಕ್ಕೆ ಹೊಡೆದುಕೊಂಡು ಹೋಗುವುದು ಅತಿ ಕೆಟ್ಟ ಪದ್ಧತಿ, ಬಗ್ಗದ ಹುಳಗಳ ಬೀಜವನ್ನು ಮಾತ್ರ ಅಲ್ಲಿ ಬಿತ್ತಿದಂತಾಗುತ್ತದೆ.

ಔಷಧಿ ಕೊಡುವ ಮೇಕೆಗೆ ಪೂರ್ತಿ ಪ್ರಮಾಣ ಕೊಡಬೇಕು, ಇಲ್ಲಿ ಅಂದಾಜು ಸಲ್ಲದು. ತಕ್ಕಡಿ ಇಲ್ಲದಿದ್ದರೆ ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಟೇಪಿನಿಂದ ಅಂಗುಲದಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 26, ಉದ್ದ 24 ಇದ್ದರೆ ತೂಕ 24.6 ಕಿಲೋ. ವೈದ್ಯರು ಅಲ್ಬೆಂಡಜೋಲನ್ನು ಕಿಲೋಗೆ 10 ಮಿಗ್ರಾಂ ಎಂದು ಹೇಳಿದ್ದು, ಬಾಟಲಿಯ ಮೇಲೆ 2.5 ಶೇಕಡಾ ಎಂದಿದ್ದರೆ, ಅಂದರೆ ಮಿಲಿಗೆ 25 ಮಿಗ್ರಾಂ ಇದ್ದರೆ, ಈ ಮೇಕೆಗೆ ಸುಮಾರು 10 ಮಿಲಿ ಬೇಕು. ಕಣ್ಣಳತೆಯಲ್ಲಿ ಹದಿನೆಂಟು ಕಿಲೋ ಎಂದುಕೊಂಡವರು 7 ಮಿಲಿ ಕುಡಿಸಿ ಹುಳಕ್ಕೆ ಪಾಠ ಕಲಿಸುವ ಬದಲು ತಾಳಿಕೆ ಕಲಿಸುತ್ತಾರೆ. ಮೇಕೆಯ ಮೈ ಔಷಧಿಯನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಕುರಿಯ ಪ್ರಮಾಣ ಅದಕ್ಕೆ ಹಲವು ವೇಳೆ ಸಾಲದು. ಆದರೆ ಲೆವಮಿಸೋಲ್ ಎಂಬ ಇನ್ನೊಂದು ಜಂತಿನ ಔಷಧಿ ಹೆಚ್ಚಾದರೆ ಜೀವಕ್ಕೇ ಅಪಾಯವಾದ್ದರಿಂದ ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡಬಾರದು. ಹಾಲು ಮತ್ತು ಮಾಂಸವನ್ನು ಎಷ್ಟು ದಿನ ಬಳಸಬಾರದೆಂದು ವೈದ್ಯರನ್ನು ಕೇಳಿ ಪಾಲಿಸಬೇಕು.

ಗೊಟ್ಟದಲ್ಲಿ ಸುರಿಯುವುದಕ್ಕಿಂತ ಸೂಜಿಯಿಲ್ಲದ ಸಿರಿಂಜು ಮೇಲು. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತಲೆಯನ್ನು ಹೆಚ್ಚು ಮೇಲೆತ್ತದೆ, ಬಾಯಿಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಬೇಕು.

ಪ್ರತಿ ಸಲ ಬೇರೆ ಹೆಸರಿನ ಬಾಟಲಿ ತಂದರೆ ಔಷಧಿ ಬದಲಾಯಿಸಿದಂತಾಗುವುದಿಲ್ಲ. ಅಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಒಂದೇ ಕುಟುಂಬದವು, ಐವರ್ಮೆಕ್ಟಿನ್ ಮತ್ತು ಡೋರಾಮೆಕ್ಟಿನ್ ಇನ್ನೊಂದು ಕುಟುಂಬದವು. ಲೆವಮಿಸೋಲ್ ಮತ್ತು ಕ್ಲೋಸಾಂಟೆಲ್ ಬೇರೆ ಬೇರೆ. ಒಂದು ಕುಟುಂಬದ ಒಂದಕ್ಕೆ ಬಗ್ಗದ ಹುಳ ಸಾಮಾನ್ಯವಾಗಿ ಅದರ ಸೋದರನಿಗೂ ಬಗ್ಗುವುದಿಲ್ಲ.

ಔಷಧಿ ಕೆಲಸ ಮಾಡಿತೇ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. ಕುಡಿಸುವ ದಿನ ಹತ್ತು ಮೇಕೆಗಳ ಹಿಕ್ಕೆಯನ್ನು ನೆಲದಿಂದ ಆಯದೆ ಗುದದ್ವಾರದಿಂದಲೇ ತೆಗೆದು, ಚೀಟಿ ಅಂಟಿಸಿ, ತಂಪಾಗಿಟ್ಟು ಪಶು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಒಯ್ಯಬೇಕು. ಹತ್ತರಿಂದ ಹದಿನಾಲ್ಕು ದಿನಗಳ ನಂತರ ಅದೇ ಮೇಕೆಗಳದ್ದನ್ನು ಮತ್ತೆ ಕೊಡಬೇಕು. ಗ್ರಾಮಿಗೆ 2000 ಇದ್ದ ಮೊಟ್ಟೆ 600ಕ್ಕೆ ಇಳಿದರೆ ಇಳಿಕೆ ಶೇಕಡಾ 70 ಮಾತ್ರ. ಶೇಕಡಾ 95ಕ್ಕಿಂತ ಕಡಿಮೆಯಾದರೆ ಆ ಕುಟುಂಬದ ಔಷಧಿ ನಿಮ್ಮ ಹಿಂಡಿನಲ್ಲಿ ಸೋಲುತ್ತಿದೆಯೆಂದು ಶಂಕಿಸಿ ವೈದ್ಯರೊಡನೆ ಬೇರೆಯದನ್ನು ಆರಿಸಬೇಕು.

ಮರಿಹುಳಗಳು ಹೆಚ್ಚಾಗಿ ನೆಲದಿಂದ ನಾಲ್ಕು ಅಂಗುಲದೊಳಗೇ ಇರುವುದರಿಂದ ಬೋಳಾಗಿ ಮೇಯಿಸದೆ, ಜಾಲಿ, ಬನ್ನಿಯಂಥ ಗಿಡಗಳ ಸೊಪ್ಪಿಗೆ ಮೇಕೆಯನ್ನು ಬಿಡುವುದು ಅದರ ಸ್ವಭಾವಕ್ಕೂ ಒಪ್ಪುತ್ತದೆ. ದಾವಣಗೆರೆ, ಹರಿಹರದ ಭದ್ರಾ ನಾಲೆಯ ಬಯಲಿನಲ್ಲಿ, ಕೆರೆಯಂಗಳದಲ್ಲಿ ಮೇಯಿಸುವವರು ಬಸವನಹುಳದಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳವನ್ನೂ ಗಮನದಲ್ಲಿಟ್ಟುಕೊಳ್ಳಬೇಕು, ಐವರ್ಮೆಕ್ಟಿನ್ ಅದನ್ನು ಕೊಲ್ಲುವುದಿಲ್ಲ.

ಸಂತೆಯಿಂದ ತಂದ ಮೇಕೆಯನ್ನು ಅಂದೇ ಹಿಂಡಿಗೆ ಸೇರಿಸಿದರೆ ಬೇರೆ ಊರಿನ ಬಗ್ಗದ ಹುಳವನ್ನು ಹಣ ಕೊಟ್ಟು ತಂದಂತೆ. ಅದನ್ನು ಪ್ರತ್ಯೇಕ ರೊಪ್ಪದಲ್ಲಿ ಕಟ್ಟಿ, ವೈದ್ಯರ ಸಲಹೆಯಂತೆ ಬೇರೆ ಬೇರೆ ಕುಟುಂಬದ ಎರಡು ಔಷಧಿಗಳನ್ನು ಒಂದೇ ದಿನ ಕೊಟ್ಟು, ಎರಡು ವಾರದ ನಂತರ ಹಿಕ್ಕೆ ಪರೀಕ್ಷೆ ಮಾಡಿಸಿ, ಆ ಬಳಿಕ ನಿಮ್ಮ ಹಿಂಡು ಈಗಾಗಲೇ ಮೇಯುತ್ತಿರುವ ಜಾಗಕ್ಕೇ ಬಿಡಬೇಕು. ಆ ಎರಡು ವಾರಗಳಲ್ಲಿ ರೊಪ್ಪದಲ್ಲಿ ಬಿದ್ದ ಹಿಕ್ಕೆಯನ್ನು ಕಾವಲಿಗೆ ಹಾಕದೆ ತಿಪ್ಪೆಯಲ್ಲಿ ಕೊಳೆಯಿಸಬೇಕು.